ಹಳದಿ ದೀಪ ಶಾಂತವಾಯಿತು, ಮೊಮ್ಮಗಳು ಮನೆಗೆ ಬಂದಳು

ಮೊದಲು ಸುದ್ದಿ ಕೇಳಿರಿ, ಉಳಿದದ್ದು ಆಮೇಲೆ. ನಾನು ಅಜ್ಜನಾದೆ. ಹೆಣ್ಣು ಕೂಸು. ನನ್ನ ಮಗಳು ಸಾವಿತ್ರಿಯ ಚೊಚ್ಚಲ. ಮೂಗು ನನ್ನದು, ಬಣ್ಣ ನನ್ನ ಹೆಂಡತಿಯದು, ಅಳುವ ದನಿ ಮಾತ್ರ ಗೋಕಾಕದ ಬೀಗತಿಯದು. ನಿನ್ನೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕೂಸು ನಮ್ಮ ಮನೆಯ ಹೊಸ್ತಿಲು ದಾಟಿತು. ನಮ್ಮೂರು ಕುಲಗೋಡದಲ್ಲಿ ಇದ್ದಿದ್ದರೆ ಇಷ್ಟೊತ್ತಿಗೆ ಮನೆಮನೆಗೆ ಹೋಗಿ ಸಕ್ಕರೆ ಹಂಚಿ, ಅದೇ ಸುದ್ದಿಯನ್ನು ಎರಡೆರಡು ಸಲ ಹೇಳಿ ಬಂದಿರುತ್ತಿದ್ದೆ. ಇಲ್ಲಿಂದ ಅದು ಆಗುವುದಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು, ಆದರೂ ಬರೆಯಲೇಬೇಕಾಯಿತು.

ಕೂಸು ಬಂದದ್ದು ಒಂದು ವಿಚಿತ್ರ ಗಾಡಿಯಲ್ಲಿ. ತನ್ನ ಕಾಲು ನೋಯುತ್ತದೆ ಎಂದು ಬಾಯಿ ಬಿಟ್ಟು ಹೇಳುವ ಗಾಡಿ. ನಮ್ಮ ಎತ್ತುಗಳು ಕುಂಟುವ ತನಕ ಹೇಳುತ್ತಿರಲಿಲ್ಲ. ಈ ಕಾರು ಕುಂಟುವ ಮೊದಲೇ ಹೇಳುತ್ತದೆ, ಮತ್ತು ಯಾರ ಮುಂದೆ ಹೇಳಬಾರದೋ ಅವರ ಮುಂದೆಯೇ ಹೇಳುತ್ತದೆ.

ಕುಲಗೋಡದಿಂದ ಯಮಕನಮರಡಿಗೆ ಬಂದದ್ದನ್ನು ವಲಸೆ ಎಂದರೆ ನೀವು ನಗುತ್ತೀರಿ. ಬಸ್ಸಿನಲ್ಲಿ ಕುಳಿತರೆ ಊಟದ ಹೊತ್ತಿನೊಳಗೆ ಬರಬಹುದು. ಖರೆ. ಆದರೆ ಮೂಡಲಗಿ ಸಂತೆಯೇ ದೂರ ಎಂದುಕೊಂಡಿದ್ದ ನನಗೆ ಇದು ಸಮುದ್ರದ ಆಚೆಯ ದೇಶವೇ. ಮಗ ಬಸವರಾಜ ಇಲ್ಲಿ ಹೆದ್ದಾರಿಯ ಬಾಜೂ ಟೈರಿನ ಅಂಗಡಿ ಇಟ್ಟ. ಮದುವೆಯಾಗದ ಹುಡುಗ, ಮೂರು ಹೊತ್ತೂ ಚಹಾದಲ್ಲಿ ಪಾವ್ ಬ್ರೆಡ್ಡು ಅದ್ದಿ ತಿನ್ನುತ್ತಾನೆಂದು ತಿಳಿದ ದಿನವೇ ನನ್ನ ಹೆಂಡತಿ ಗೌರವ್ವ ರೊಟ್ಟಿ ಬಡಿಯುವ ಕಲ್ಲನ್ನು ಗೋಣಿಚೀಲಕ್ಕೆ ಹಾಕಿದಳು. ಹೊಲವನ್ನು ತಮ್ಮ ಭೀಮಪ್ಪನಿಗೆ ಮಾಡಲು ಕೊಟ್ಟು ಬಂದೆವು. ಅಂಗಡಿಯ ಹಿಂದೆ ಎರಡು ಖೋಲಿ, ಅದೇ ಮನೆ. ಅಲ್ಲಿ ಬೆಳಿಗ್ಗೆ ಎದ್ದರೆ ಸೆಗಣಿಯ ವಾಸನೆ, ಇಲ್ಲಿ ರಬ್ಬರಿನ ವಾಸನೆ. ಅಲ್ಲಿ ಎಮ್ಮೆ ಕರೆದರೆ ಎಚ್ಚರ, ಇಲ್ಲಿ ಲಾರಿ ಕರೆದರೆ ಎಚ್ಚರ. ಅಲ್ಲಿ ನಾನು ಟ್ರ್ಯಾಕ್ಟರ್ ಸಿದ್ದಪ್ಪ. ಇಲ್ಲಿ ಟೈರ್ ಅಂಗಡಿಯ ಮುದುಕ. ಹೆಸರು ಕೇಳಿದವರೇ ಇರಲಿಲ್ಲ.

ಬಾಜೂ ಮನೆಯವರು ಜೈನರು, ಬಹಳ ಒಳ್ಳೆಯ ಮಂದಿ, ಮನೆಯೊಳಗೆ ಮರಾಠಿ. ಆ ಮನೆಯ ತಾಯಿ ದಿನಾ ಸಂಜೆ ಗೋಡೆಯ ಆಚೆಯಿಂದ "ಜೇವಣ ಝಾಲಂ ಕಾ?" ಎನ್ನುತ್ತಾರೆ. ಊಟ ಆಯಿತೇ ಎಂದು ಅರ್ಥ. ಅವರು ಹೊತ್ತು ಮುಳುಗುವ ಮೊದಲೇ ಉಂಡಿರುತ್ತಾರೆ, ನಮ್ಮ ಒಲೆ ಇನ್ನೂ ಹತ್ತಿರುವುದಿಲ್ಲ. ಗೌರವ್ವ ಮೊದಲ ವಾರ ಪ್ರೀತಿಯಿಂದ ಕಡಲೆಹಿಟ್ಟಿನ ಝುಣಕ ಕಳಿಸಿದಳು, ಉಳ್ಳಾಗಡ್ಡಿ ಹಾಕಿ. ಅವರು ಉಳ್ಳಾಗಡ್ಡಿ ಮುಟ್ಟುವುದಿಲ್ಲವೆಂದು ನಮಗೆ ಹೇಗೆ ಗೊತ್ತು? ಮರುದಿನ ಅವರ ಹೊಲದ ಆಳು ನನ್ನನ್ನು ನಿಲ್ಲಿಸಿ ಝುಣಕ ಬಹಳ ರುಚಿ ಇತ್ತೆಂದ. ಈಗ ಉಳ್ಳಾಗಡ್ಡಿ ಇಲ್ಲದ ಝುಣಕ ಗೋಡೆ ದಾಟುತ್ತದೆ, ಮತ್ತು ನಾನು ಉಣ್ಣದಿದ್ದರೂ ಗಟ್ಟಿಯಾಗಿ "ಝಾಲಂ" ಎನ್ನುತ್ತೇನೆ. ಒಂದು ಭಾಷೆ ಬಂತೆಂಬ ಸಂತೋಷಕ್ಕೆ ಅಷ್ಟು ಸುಳ್ಳು ನಡೆಯುತ್ತದೆ.

ಸಾವಿತ್ರಿ ಬಸುರಾದಾಗ ದೊಡ್ಡ ಪ್ರಶ್ನೆ ಎದ್ದಿತು. ಚೊಚ್ಚಲ ಬಾಣಂತನ ತವರುಮನೆಯದು. ತವರುಮನೆ ಯಾವುದು? ಭೀಮಪ್ಪ ಫೋನಿನಲ್ಲಿ ಹೇಳಿದ: "ತವರಮನಿ ಕುಲಗೋಡದಾಗ ಐತಿ ಅಣ್ಣಾ. ಅಲ್ಲಿ ನೀ ಇರೂದು ಬಾಡಿಗಿ ಖೋಲಿ." ಗೋಕಾಕದ ಬೀಗತಿ ಚಂದ್ರವ್ವ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಪಂಚರ್ ಅಂಗಡಿ ಹಿಂದ ಬಾಣಂತನ ಮಾಡ್ತೀರೇನ್ರಿ ಬೀಗರ? ಕೂಸಿಗೆ ಹಾಲಿನ ವಾಸನಿಗಿಂತ ಮೊದಲ ರಬ್ಬರ್ ವಾಸನಿ ಗೊತ್ತಾಕ್ಕೈತಿ." ತಮ್ಮ ಮನೆ ಹೆರಿಗೆಗೆ ಗೊತ್ತುಮಾಡಿದ ಗೋಕಾಕದ ದವಾಖಾನೆಯಿಂದ ಎರಡೇ ಗಲ್ಲಿ, ಬಾಣಂತಿ ಅಲ್ಲೇ ಇರಲಿ ಎಂಬುದು ಅವರ ಮನಸ್ಸು. ಗೌರವ್ವ ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದಳು: "ನಾ ಎಲ್ಲಿ ರೊಟ್ಟಿ ಬಡೀತೇನಿ, ಅದ ಆಕಿ ತವರಮನಿ."

ಹಾಗೆಂದು ಹೇಳಿದ್ದೇನೋ ಆಯಿತು. ಕೂಸನ್ನು ಗೋಕಾಕದಿಂದ ಕರೆತಂದು ತೋರಿಸಬೇಕಲ್ಲ. ಅದರಲ್ಲಿ ಒಂದು ಸಣ್ಣ ಲೋಪವಾದರೂ ಚಂದ್ರವ್ವ ಎರಡು ಗಲ್ಲಿ ದಾಟಿಸಿ ಕೂಸನ್ನು ತಮ್ಮ ಮನೆಗೆ ಒಯ್ಯುವವರೇ. ನನಗೆ ಈ ಪರದೇಶವು ಮನೆ ಎನಿಸಿಕೊಳ್ಳಬೇಕಾದರೆ ಕೂಸು ಇಲ್ಲಿಗೆ ಬರಬೇಕಿತ್ತು.

ಬಸವರಾಜನ ಹಳೆಯ ಕಾರಿನ ಟೈರುಗಳು ಸವೆದಿದ್ದವು. ಕೂಸು ಬರುವ ಗಾಡಿ ಎಂದು ಹಿಂದಿನ ದಿನ ನಾಲ್ಕೂ ಹೊಸದು ಹಾಕಿದ. ನಾನು ಬಾಜೂ ಕುಳಿತು ನೋಡಿದೆ. ಗಾಲಿಯ ಒಳಗೆ, ಹವಾ ತುಂಬುವ ನಳಿಕೆಯ ಬುಡಕ್ಕೆ, ಅರ್ಧ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ ಅಂಟಿಕೊಂಡಿರುತ್ತದೆ. ಅದರಲ್ಲಿ ಅದರದೇ ಸೆಲ್ಲು. ಗಾಲಿ ಉರುಳಿದರೆ ಡಬ್ಬಿಗೆ ಎಚ್ಚರ. ಒಳಗೆ ಹವಾ ಎಷ್ಟಿದೆ ಎಂದು ತಂತಿಯಿಲ್ಲದೆ ಕಾರಿಗೆ ಹೇಳುತ್ತಿರುತ್ತದೆ. ಹವಾ ಕಡಿಮೆಯಾದರೆ ಚಾಲಕನ ಮುಂದೆ ಹಳದಿ ದೀಪ ಹತ್ತುತ್ತದೆ: ಬಾಯಿ ತೆರೆದ ಗಡಿಗೆ, ಗಡಿಗೆಯೊಳಗೆ ನಿಂತ ಗೆರೆ, ಕೆಳಗೊಂದು ಚುಕ್ಕೆ. ನಮ್ಮ ಕಾಲದಲ್ಲಿ ಎತ್ತಿನ ಕೊರಳಿನ ಗಂಟೆ ಇತ್ತು. ಅದರ ಸದ್ದು ಕೇಳಿಯೇ ಎತ್ತು ಹೇಗೆ ನಡೆಯುತ್ತಿದೆ ಎಂದು ಒಳಗೆ ಮಲಗಿದವನಿಗೂ ತಿಳಿಯುತ್ತಿತ್ತು. ಇದೂ ಅಂಥದ್ದೇ, ಸದ್ದು ಮಾತ್ರ ಇಲ್ಲ.

ಟೈರು ಬಿಚ್ಚುವಾಗ ಮಗ ಆ ನಳಿಕೆಯ ಹತ್ತಿರ ಯಂತ್ರದ ದವಡೆ ಬರದ ಹಾಗೆ ನೋಡಿಕೊಂಡ. ಅಲ್ಲಿ ಒತ್ತಿದರೆ ಡಬ್ಬಿ ಪುಡಿಯಂತೆ. ಡಬ್ಬಿ ಸತ್ತರೆ ದೀಪ ಮೊದಲು ಸ್ವಲ್ಪ ಹೊತ್ತು ಮಿಣುಕಿ ಆಮೇಲೆ ಹತ್ತಿಯೇ ನಿಲ್ಲುತ್ತದೆ. ಹವಾ ಕಡಿಮೆ ಇದ್ದರೆ ಮಿಣುಕದೆ ಸುಮ್ಮನೆ ಹತ್ತುತ್ತದೆ. ಸ್ಟೆಪ್ನಿ ಎಂದು ಹಿಂದೆ ಇಟ್ಟಿರುವ ಐದನೆಯ ಗಾಲಿಗೆ ಈ ಕಾರಿನಲ್ಲಿ ಡಬ್ಬಿಯೇ ಇಲ್ಲ. ಅದನ್ನು ಹಾಕಿದರೆ ಕಾರು ನಾಲ್ಕನೆಯ ಡಬ್ಬಿಯನ್ನು ಹುಡುಕುತ್ತಾ ಮಿಣುಕುತ್ತದೆ. ಇಷ್ಟೆಲ್ಲ ಕೇಳಿ ನಾನು ತಲೆಯಾಡಿಸಿದೆ. ಒಳಗೊಳಗೆ ನನಗೆ ಸೇರಲಿಲ್ಲ. ನಲವತ್ತು ವರ್ಷ ಕಬ್ಬು ಹೊತ್ತ ಟ್ರೇಲರಿನ ಗಾಲಿಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ, ತೆಂಗಿನಕಾಯಿ ನೋಡಿದ ಹಾಗೆ ನೋಡಿದವನು ನಾನು. ನನಗೆ ದೀಪ ಬುದ್ಧಿ ಹೇಳಬೇಕೇ?

ನಿನ್ನೆ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಬಸವರಾಜ ಕಾರಿನ ಬಾಗಿಲ ಪಟ್ಟಿಯ ಮೇಲೆ ಬರೆದಷ್ಟೇ ಹವಾ ತುಂಬಿ, ಒಂದು ಲಾರಿಯ ಗಾಲಿ ನೋಡಲು ಹೋದ. ಕಾರು ಮಧ್ಯಾಹ್ನದ ತನಕ ಬಿಸಿಲಲ್ಲಿ ನಿಂತಿತು. ನಾನು ಹೋಗಿ ತಟ್ಟಿದೆ. ಹಲಗೆ ಬಾರಿಸಿದ ಹಾಗೆ ಸದ್ದು. ಕುಲಗೋಡದಲ್ಲಿ ಇದಕ್ಕೆ ಎಲ್ಲರೂ ಮಾಡುವುದು ಒಂದೇ: ಚೈತ್ರದ ಬಿಸಿಲಲ್ಲಿ ಕಬ್ಬಿನ ಟ್ರೇಲರ್ ನಿಂತರೆ ಗಾಲಿ ಸಿಡಿಯಬಾರದೆಂದು ಒಂದೊಂದು ಕೆಮ್ಮಿನಷ್ಟು ಹವಾ ಬಿಡುತ್ತೇವೆ. ನಾನೂ ಬಿಟ್ಟೆ. ನಾಲ್ಕಕ್ಕೂ. ಕೂಸು ಕೂಡುವ ಗಾಡಿಯಲ್ಲವೇ, ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಆಗಬಾರದೆಂದು ಕಿವಿ ಇಟ್ಟು ಕೇಳಿ ಸಮನಾಗಿ ಬಿಟ್ಟೆ. ಕೈಗೆ ಅಂಟಿದ ಧೂಳು ಜಾಡಿಸಿಕೊಂಡಾಗ, ಯಮಕನಮರಡಿಗೆ ಬಂದ ಮೇಲೆ ಮೊದಲ ಸಲ ನಾನು ಉಪಯೋಗದ ಮನುಷ್ಯ ಎನಿಸಿತು.

ಮಧ್ಯಾಹ್ನ ಮಗ ಬಂದ, ಇಬ್ಬರೂ ಗೋಕಾಕಕ್ಕೆ ಹೊರಟೆವು. ಊರು ದಾಟಿ ಸ್ವಲ್ಪ ದೂರ ಹೋದೆವೋ ಇಲ್ಲವೋ, ಹಳದಿ ಗಡಿಗೆ ಹತ್ತಿತು. ಹೊಸ ಟೈರು ಹಾಕಿದ ಮೇಲೆ ಒಮ್ಮೊಮ್ಮೆ ಹೀಗಾಗುತ್ತದೆ, ನಡೆದಂತೆ ತಾನೇ ಹೋಗುತ್ತದೆ ಎಂದ ಮಗ. ಗೋಕಾಕ ಬಂತು, ದೀಪ ಹೋಗಲಿಲ್ಲ. ನಾನು ಕಿಟಕಿಯಿಂದ ಹೊರಗೆ ನೋಡುತ್ತಾ ಬಂದೆ.

ದವಾಖಾನೆಯ ಅಂಗಳದಲ್ಲಿ ಚಂದ್ರವ್ವ ಮೊದಲು ಕಾರನ್ನು ಪರೀಕ್ಷೆ ಮಾಡಿದರು. ಸೀಟು ಒತ್ತಿದರು, ಗಾಜು ಇಳಿಸಿದರು, ಏರಿಸಿದರು, ಕೊನೆಗೆ ಆ ದೀಪ ಕಂಡರು. ಅದೇನೆಂದು ಕೇಳಿದ್ದಕ್ಕೆ ಬಸವರಾಜ ಹವಾ ಕಡಿಮೆ ಇದ್ದರೆ ಹತ್ತುವ ದೀಪ ಎಂದ.

"ಟೈರಿನ ಅಂಗಡಿ ನಿಂದು, ಗಾಡಿ ನಿಂದು, ಹವಾನೂ ನಿಂದ. ಮತ್ತ ಕಡಿಮಿ ಹೆಂಗಾತಪಾ?" ಎಂದರು ಚಂದ್ರವ್ವ. "ಸ್ವಂತ ಗಾಲಿ ಹಿಂಗಾದ್ರ ಮಂದೀದು ಏನ್ ಮಾಡ್ತೀ? ಈ ದೀಪ ಹೋಗೂತನಕ ನನ್ನ ಮೊಮ್ಮಗಳು ಇದರಾಗ ಕಾಲ ಇಡೂದಿಲ್ಲ. ಬಾಣಂತಿ ನಮ್ಮ ಮನಿಗೇ ನಡೀಲಿ."

ಕಾಲಿಡಲು ಇನ್ನೂ ಒಂದು ವರ್ಷ ಬೇಕಾದ ಕೂಸನ್ನು ಎದೆಗವಚಿಕೊಂಡು ಸಾವಿತ್ರಿ ಮೆಟ್ಟಿಲ ಮೇಲೆ ನಿಂತಿದ್ದಳು. ನನ್ನ ಕಡೆ ನೋಡಿದಳು. ಮನೆಯಲ್ಲಿ ಗೌರವ್ವ ಬೆಳಿಗ್ಗೆಯಿಂದ ಬಿಸಿನೀರಿಗೆ ಇಟ್ಟ ಹಂಡೆ ನನ್ನ ಕಣ್ಣ ಮುಂದೆ ಬಂತು.

ಮಗನ ಮುಖ ಸಣ್ಣದಾಗಿತ್ತು. ತಾನೇ ಡಬ್ಬಿ ಒಡೆದೆನೇನೋ ಎಂದು ಅವನ ಚಿಂತೆ. ಆದರೆ ದೀಪ ಮಿಣುಕಿರಲಿಲ್ಲ. ಗೇಜು ತೆಗೆದು ಒಂದೊಂದು ಗಾಲಿಗೂ ಹಿಡಿದು ನೋಡಿದ. ನಾಲ್ಕನೆಯದನ್ನು ನೋಡಿ ಎದ್ದು ನಿಂತವನು ನಿಧಾನವಾಗಿ ನನ್ನ ಕಡೆ ತಿರುಗಿದ.

"ಅಪ್ಪಾ, ಮೊಳಿ ಚುಚ್ಚಿದ್ರ ಒಂದ ಗಾಲಿ ಇಳೀಬೇಕು. ನಾಲ್ಕೂ ಒಂದ ಸಮ ಇಳದಾವ, ತೂಗಿ ಇಳಿಸಿದಂಗ. ಹಿಂಗ ಇಳಿಸವರು ನಮ್ಮ ಮನ್ಯಾಗ ಒಬ್ಬರ ಅದಾರ."

"ಬಿಸಲಾಗ ನಿಂತಿತ್ತಪಾ," ಎಂದೆ. "ಒಂದೊಂದ ಕೆಮ್ಮ ಬಿಟ್ಟೆ, ಅಷ್ಟ."

ಬಿಸಿಲಿಗೆ ಹವಾ ಹಿಗ್ಗುತ್ತದೆಂದು ಲೆಕ್ಕ ಹಾಕಿಯೇ ಬೆಳಗಿನ ತಂಪಿನ ಅಂಕಿ ಬರೆದಿರುತ್ತಾರಂತೆ. ಬಿಸಿ ಇದ್ದಾಗ ಬಿಡಲೇಬಾರದಂತೆ. ಅದೂ ಅಲ್ಲದೆ ಟ್ರೇಲರ್ ಗಾಲಿಯ ಒಂದು ಕೆಮ್ಮು ಈ ಸಣ್ಣ ಗಾಲಿಗೆ ಅರ್ಧ ಉಸಿರು. ಮಗ ಇದನ್ನೆಲ್ಲ ಮೆಲ್ಲಗೆ ಹೇಳಿದ. ನನಗೆ ಮಾತ್ರ ಇಡೀ ಗೋಕಾಕಕ್ಕೆ ಕೇಳಿಸಿತು.

ಚಂದ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಿಟ್ಟೆಂದುಕೊಂಡೆ. ಭುಜ ಕುಣಿಯುತ್ತಿದ್ದುದನ್ನು ನೋಡಿದ ಮೇಲೆ ನಗುವೆಂದು ತಿಳಿಯಿತು. "ಹಂಗಾರ ಬಿಟ್ಟವರ ತುಂಬ್ಲಿ," ಎಂದು ತೀರ್ಪು ಕೊಟ್ಟರು.

ಡಿಕ್ಕಿಯಿಂದ ಕಾಲಿನಲ್ಲಿ ತುಳಿಯುವ ಪಂಪು ಬಂತು. ಮಗ ತಾನು ತುಳಿಯುತ್ತೇನೆಂದರೂ ನಾನು ಕೊಡಲಿಲ್ಲ. ಧೋತರ ಎತ್ತಿ ಕಟ್ಟಿ ತುಳಿದೆ. ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದ ಮಂದಿಯೆಲ್ಲ ಕೈ ತಡೆದು ನೋಡಿದರು. ಅವರಲ್ಲೊಬ್ಬ, "ಅಜ್ಜಾರ, ಒಳಗ ಹಡ್ಯಾಕ ಬಂದವರೂ ಇಷ್ಟು ತೇಕೂದಿಲ್ರಿ," ಎಂದ. ನನ್ನಲ್ಲಿ ಉಸಿರೇ ಉಳಿದಿರಲಿಲ್ಲ. ಇದ್ದದ್ದೆಲ್ಲ ಗಾಲಿಗೆ ಹೋಗಿತ್ತು.

ಹವಾ ಸರಿಯಾಯಿತು, ದೀಪ ಹೋಗಲಿಲ್ಲ. ಡಬ್ಬಿಗಳು ಉರುಳಿದರೆ ಮಾತ್ರ ಹೊಸ ಸುದ್ದಿ ಹೇಳುತ್ತವೆ, ಸ್ವಲ್ಪ ಓಡಿಸಬೇಕು ಎಂದ ಬಸವರಾಜ. ಕೂಸು ಬೇಡ, ತಾನೇ ನೋಡುತ್ತೇನೆಂದು ಚಂದ್ರವ್ವ ಮುಂದಿನ ಸೀಟಿನಲ್ಲಿ ಕುಳಿತರು. ನಾನು ಹಿಂದೆ. ಹೊಳೆಯ ಕಡೆಗೆ ಹೊರಟೆವು. ನನ್ನ ಬಾಜೂ ಸೀಟಿನ ಮೇಲೆ, ಕೂಸಿನ ತಲೆಗೆಂದು ಗೌರವ್ವ ಕಳಿಸಿದ ಕುಲಾಯಿ ಒಂದೇ ಇತ್ತು. ನಮ್ಮ ಮನೆಗಳಲ್ಲಿ ದೀಪ ಆರಿತು ಎನ್ನುವ ಮಾತೇ ಆಡುವುದಿಲ್ಲ, ಶಾಂತವಾಯಿತು ಎನ್ನುತ್ತೇವೆ. ಅಂಥ ಮನೆಯಲ್ಲಿ ಹುಟ್ಟಿದ ಮುದುಕ ಒಂದು ದೀಪ ಆರಲಿ ಎಂದು ದೇವರಿಗೆ ಕೈ ಮುಗಿದ. ಓರೆಗಣ್ಣಿನಿಂದ ನೋಡಿದರೆ ಬೀಗತಿಯ ಕೈಗಳೂ ಸೆರಗಿನೊಳಗೆ ಜೋಡಿಯಾಗಿದ್ದವು. ಅವರಿಗೂ ಸೊಸೆ ಕೂಸಿನೊಡನೆ ತವರಿಗೆ ಹೋಗಲಿ ಎಂದೇ ಇತ್ತೆಂದು ಆಗ ತಿಳಿಯಿತು.

ಸೇತುವೆ ಹತ್ತಿರ ಬರುವಷ್ಟರಲ್ಲಿ ಅವರೇ ಹೇಳಿದರು: "ಶಾಂತ ಆತ್ರಿ ಬೀಗರ."

ಮರಳಿ ಬಂದು ಸೊಸೆಯ ಕೈಯಿಂದ ಕೂಸನ್ನು ತೆಗೆದುಕೊಂಡು ಅವಳಿಗೆ, "ನಡಿ ಯವ್ವಾ, ನಿಮ್ಮವ್ವ ದಾರಿ ಕಾಯಾಕತ್ತಿರತಾಳ," ಎಂದರು. ತಮ್ಮ ಮಗನಿಗೆ, ಎಂದರೆ ನನ್ನ ಅಳಿಯನಿಗೆ, ಮನೆಯ ಕೀಲಿ ಕೊಟ್ಟು ನಮ್ಮ ಹಿಂದಿನಿಂದ ಬೇಗ ಬಾ ಎಂದು ಹೇಳಿ, ಒಂದು ಡಬ್ಬಿ ಕರದಂಟಿನೊಡನೆ ತಾವೂ ಹತ್ತಿದರು. ದೀಪ ಮತ್ತೆ ಹತ್ತಿದರೆ ನೋಡುವವರು ಬೇಕಲ್ಲ.

ದೀಪ ಹತ್ತಲಿಲ್ಲ. ಹತ್ತಿದ್ದು ಗೌರವ್ವನ ಆರತಿ. ಹೊಸ್ತಿಲಲ್ಲಿ ನೀರು ಇಳಿಸಿ ಚೆಲ್ಲಿದಳು, ಕೂಸಿನ ಹಣೆ ಮುಟ್ಟಿದಳು, ಅತ್ತಳು. ಗೋಡೆಯ ಆಚೆಯ ತಾಯಿಯೂ ಬಂದು ಕೂಸಿನ ಅಂಗೈಯಲ್ಲಿ ಬೆಳ್ಳಿಯ ಬಳೆ ಇಟ್ಟು ಹೋದರು. ಅವರದು ಊಟ ಆಗಿತ್ತು.

ಅಷ್ಟರಲ್ಲಿ ಭೀಮಪ್ಪ ಹೆಂಡತಿಯನ್ನು ಕರೆದುಕೊಂಡು ಬಸ್ಸಿಳಿದು ಬಂದ. ತವರುಮನೆ ಕುಲಗೋಡದಲ್ಲಿದೆ ಎಂದು ವಾದಿಸಿದವನು ಅದನ್ನು ಚೀಲದಲ್ಲಿ ತುಂಬಿಕೊಂಡು ತಂದಿದ್ದ: ನಮ್ಮ ಹೊಲದ ಜೋಳದ ಹಿಟ್ಟು, ನಮ್ಮ ಎಮ್ಮೆಯ ತುಪ್ಪ, ಹಿತ್ತಲ ಬದನೆಕಾಯಿ. ಅಳಿಯನೂ ಬಂದ. ಖೋಲಿಯಲ್ಲಿ ಇಷ್ಟು ಮಂದಿ ಹಿಡಿಯುವುದಿಲ್ಲ. ಬಸವರಾಜ ಅಂಗಡಿಯ ಟೈರುಗಳನ್ನು ಗೋಡೆಗೆ ಉರುಳಿಸಿ ಜಮಖಾನೆ ಹಾಸಿದ. ಮೊಣಕಾಲು ಮಡಚಲಾಗದ ಚಂದ್ರವ್ವನಿಗೆ ಲಾರಿಯ ಎರಡು ಟೈರು ಒಂದರ ಮೇಲೊಂದು ಇಟ್ಟು ಸಿಂಹಾಸನ. ಅಲ್ಲಿ ಕುಳಿತು ಅವರು ನನ್ನ ಪಂಪಿನ ಕಥೆಯನ್ನು ಭೀಮಪ್ಪನಿಗೆ ಹೇಳಿದರು, ನಾನು ತೇಕಿದ್ದನ್ನು ತೇಕಿ ತೋರಿಸಿದರು. ಬಾಣಂತಿಯೂ ನಗು ತಡೆಯಲಾಗದೆ ಎದ್ದು ಬಂದು, ಬಾಗಿಲಲ್ಲೇ ತಾಟು ಹಿಡಿದು ಕುಳಿತಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಕೂಸು ರಬ್ಬರಿನ ವಾಸನೆಯಲ್ಲಿ ಹಾಯಾಗಿ ನಿದ್ದೆ ಹೋಗಿತ್ತು.

"ಲಗೂನ ಉಣ್ಣ, ಕಡೀ ಬಸ್ಸಿಗೆ ಊರಿಗೆ ಹೋಗೂಣು," ಎಂದ ಭೀಮಪ್ಪ ತನ್ನ ಹೆಂಡತಿಗೆ.

ಊರಿಗೆ ಎಂಬ ಆ ಮಾತು ಕಿವಿಗೆ ಬಿದ್ದದ್ದೇ ನಾನು ರೊಟ್ಟಿಯ ತುಂಡು ಕೈಯಲ್ಲಿ ಹಿಡಿದು ಅರ್ಧ ಎದ್ದುಬಿಟ್ಟಿದ್ದೆ. ಕಾಲು ತಾನೇ ಎದ್ದಿತ್ತು, ನನ್ನನ್ನು ಕೇಳಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಗೌರವ್ವ ಬಡಿಸುತ್ತಿದ್ದವಳು ಎಡಗೈಯಿಂದ ನನ್ನ ಧೋತರದ ಚುಂಗು ಹಿಡಿದು ಕೆಳಗೆ ಜಗ್ಗಿದಳು.

"ನೀವ್ ಎಲ್ಲಿಗ್ರಿ? ಕುಂದರ್ರಿ," ಎಂದು ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಕುಳಿತೆ. ಕುಲಗೋಡದ ಜೋಳದ ರೊಟ್ಟಿ, ಯಮಕನಮರಡಿಯ ಒಲೆಯ ಮೇಲೆ ಬೆಂದದ್ದು. ತುಪ್ಪ ಹಚ್ಚಿಕೊಂಡು ಉಂಡೆ.