ಭಾವನ ವಿಮಾನ, ಅಕ್ಕನ ಅಂಗೈ

ನನ್ನ ಭಾವನಿಗೆ ಕನ್ನಡಕದ ಅಂಗಡಿ. ಊರವರ ಕಣ್ಣಿಗೆಲ್ಲ ಕನ್ನಡಕ ಕೂರಿಸುವ ಈ ಮನುಷ್ಯನಿಗೆ ಸ್ವಂತ ಮನೆಯ ಸ್ಥಿತಿ ಮಾತ್ರ ಕಾಣುವುದಿಲ್ಲ ಎಂದು ನಾನು ಅವರೆದುರಿಗೇ ಹೇಳಿದ್ದೇನೆ. ನಕ್ಕುಬಿಡುತ್ತಾರೆ. ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ಪೈಲಟ್’ ಎಂದೇ. ಹನ್ನೊಂದು ವರ್ಷದ ಹಿಂದೆ ಅವರು ನಾಲ್ಕು ಸೀಟಿನ, ಒಂದೇ ಎಂಜಿನ್ನಿನ, ಯಾರೋ ಹಾರಿಸಿ ಹಳತಾಗಿಸಿದ್ದ ವಿಮಾನವೊಂದನ್ನು ಕೊಂಡರು. ಒಂದು ಒಳ್ಳೆಯ ಕಾರಿನ ಬೆಲೆಗೇ ಸಿಕ್ಕಿತೆಂದು ಕುಣಿದಾಡಿದರು.

ಕೊಳ್ಳುವುದೇನು ಮಹಾ, ಸಾಕುವುದಲ್ಲವೇ ಕಷ್ಟ? ಹಾರಲಿ ಬಿಡಲಿ, ನಿಲ್ಲಿಸಿದ ಶೆಡ್ಡಿಗೆ ಬಾಡಿಗೆ. ವರ್ಷಕ್ಕೊಮ್ಮೆ ಮೆಕ್ಯಾನಿಕ್ ಅದರ ಹೊಟ್ಟೆ ಬಗೆದು ನೋಡಬೇಕು. ನೋಡಿದ ಮೇಲೆ ಏನಾದರೊಂದು ರೋಗ ಸಿಗದೇ ಇರದು. ವಿಮೆ ಬೇರೆ. ಎಂಜಿನ್ ಗುಂಡುಕಲ್ಲಿನ ಹಾಗಿದ್ದರೂ ಇಷ್ಟು ಗಂಟೆ ಹಾರಿತೆಂದರೆ ಪೂರಾ ಬಿಚ್ಚಿ ಮತ್ತೆ ಕಟ್ಟಿಸಬೇಕು. ಅದನ್ನು ಕಟ್ಟಿಸಿದ ವರ್ಷ ಅಕ್ಕನ ಅಡುಗೆಮನೆಯ ಸೂರು ಸೋರುತ್ತಲೇ ಉಳಿಯಿತು. ಅವಳು ಹನಿ ಬೀಳುವಲ್ಲೆಲ್ಲ ಪಾತ್ರೆ ಇಟ್ಟು, ಅವುಗಳ ನಡುವೆಯೇ ಓಡಾಡಿಕೊಂಡು ಅಡುಗೆ ಮಾಡಿದಳು.

ಭಾನುವಾರ ಭಾವ ಹಾರಲು ಹೋದರೆಂದರೆ ಅಕ್ಕ ಬಟ್ಟೆ ಒಗೆಯಲು ಕೂರುವಳು. ಒಗೆದದ್ದನ್ನೇ ಮತ್ತೆ ಒಗೆಯುವಳು, ಕಿವಿಯೆಲ್ಲ ಆಕಾಶದಲ್ಲಿ. ಅವರ ಸ್ಕೂಟರಿನ ಸದ್ದು ಕೇಳಿದ ಮೇಲೆಯೇ ಎದ್ದು ಒಳಗೆ ಹೋಗುವುದು.

“ಬೇಡ ಅಂತ ಒಂದ್ಸಲ ಹೇಳಬಾರ್ದೇನೇ ಅಕ್ಕಾ?” ಎಂದು ನಾನು ಕೂಗಾಡುತ್ತಿದ್ದೆ.

“ಅವರ ಜೀವ ಇರೋದೇ ಅದ್ರಲ್ಲಿ. ನನ್ನ ಬಾಯಿಂದ ಆ ಮಾತು ಬರಲ್ಲ,” ಎನ್ನುವಳು. ಅವಳ ಮೇಲೂ ನನಗೆ ಕೆಂಡದಂಥ ಸಿಟ್ಟು ಬರುತ್ತಿತ್ತು.

ಕೊನೆಗೆ ಖರ್ಚು ತಾಳಲಾರದೆ ಭಾವನೇ ಕೈಚೆಲ್ಲಿ ಮಾರಲು ಹೊರಟರು. ದೂರದ ಊರಿನ ದಂತವೈದ್ಯರೊಬ್ಬರು ಕೊಳ್ಳುವವರು. ಹಾರಿಸಿಕೊಂಡು ಹೋಗಿ ಅಲ್ಲಿಯೇ ಒಪ್ಪಿಸುವುದೆಂದು ಮಾತಾಯಿತು. ಮಾತಾದದ್ದೇ ತಡ, ಭಾವ ಶೆಡ್ಡು ಖಾಲಿ ಮಾಡಿ ವಿಮಾನವನ್ನು ಬಯಲಲ್ಲಿ ಹಗ್ಗದಿಂದ ಕಟ್ಟಿಹಾಕಿದರು. ಆ ವಾರವೆಲ್ಲ ಮಳೆ ಹುಯ್ಯಿತು. ರೆಕ್ಕೆಗಳ ಮೇಲಿರುವ ಪೆಟ್ರೋಲ್ ಟ್ಯಾಂಕಿನ ಮುಚ್ಚಳಗಳ ರಬ್ಬರ್ ಬಿರುಕು ಬಿಟ್ಟಿದೆ, ಬದಲಾಯಿಸಿ ಎಂದು ಮೆಕ್ಯಾನಿಕ್ ಹೇಳಿದ್ದು ನನ್ನ ಮುಂದೆಯೇ.

“ಮಾರೋ ವಿಮಾನಕ್ಕೆ ಹೊಸ ರಬ್ಬರಾ? ಕೊಂಡವರು ಹಾಕಿಸ್ಕೊಳ್ತಾರೆ ಬಿಡಪ್ಪಾ,” ಎಂದರು ಭಾವ.

ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡುವುದೆಂದರೆ ಇದೇ. ತಮ್ಮ ಅಂಗಡಿಯಲ್ಲಿ ಕನ್ನಡಕ ಒರೆಸಲು ಪುಕ್ಕಟೆ ಕೊಡುತ್ತಾರಲ್ಲ, ಆ ಬಟ್ಟೆಗಿಂತ ದುಬಾರಿಯ ವಸ್ತುವೇನಲ್ಲ ಅದು.

ಒಪ್ಪಿಸುವ ದಿನ ಅಕ್ಕ, “ನಾನೂ ಬರ್ತೀನಿ,” ಎಂದಳು. ಅಷ್ಟು ವರ್ಷ ಅದರ ಮೆಟ್ಟಿಲಿಗೂ ಕಾಲಿಡದವಳು. ಕೊನೆಯ ಹಾರಾಟ, ಗಂಡನ ಜೊತೆ ಕೂತಂತಾಗಲಿ ಎಂದು. ಧೈರ್ಯಕ್ಕಿರಲಿ ಎಂದು ನನ್ನನ್ನೂ ಎಳೆದುಕೊಂಡಳು.

ಬೆಳಗಿನ ಬೆಳಕು ಮಂಕಾಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಮತ್ತೆ ಮಳೆಯೆಂದು ಭಾವನಿಗೆ ಅವಸರವೋ ಅವಸರ. ಹಾರುವ ಮುನ್ನ ಟ್ಯಾಂಕಿನ ತಳದಿಂದ ಒಂದು ಪುಟ್ಟ ಲೋಟಕ್ಕೆ ಪೆಟ್ರೋಲ್ ಇಳಿಸಿ ನೋಡುವುದು ಪದ್ಧತಿ. ನೀರು ಸೇರಿದ್ದರೆ ಅದು ಕೆಳಗೆ ನಿಲ್ಲುತ್ತದೆ, ಪೆಟ್ರೋಲ್ ಮೇಲೆ ತೇಲುತ್ತದೆ, ನಡುವೆ ಗೆರೆ ಕಾಣುತ್ತದೆ. ಭಾವ ಲೋಟವನ್ನು ಮೋಡದತ್ತ ಎತ್ತಿ ಹಿಡಿದರು. “ಗೆರೆ ಇಲ್ಲ. ಚೊಕ್ಕ.” ಇನ್ನೊಂದು ರೆಕ್ಕೆಯದೂ ಹಾಗೆಯೇ. ಲೋಟವನ್ನು ಅಕ್ಕನ ಕೈಗೆ ಕೊಟ್ಟು ಹಗ್ಗ ಬಿಚ್ಚಲು ಓಡಿದರು. ಅವಳು ಸೆರಗು ಸರಿಮಾಡಿಕೊಳ್ಳಲು ಹೋಗಿ ಅರ್ಧವನ್ನು ಅಂಗೈಗೇ ಚೆಲ್ಲಿಕೊಂಡಳು.

ಹತ್ತಿದೆವು. ಅಕ್ಕ ಮುಂದೆ, ನಾನು ಹಿಂದೆ. ಎಂಜಿನ್ ಗುಡುಗಿ ಮೈಯೆಲ್ಲ ನಡುಗಿತು. ರನ್‌ವೇಯ ತುದಿಗೆ ಬಂದೆವು. ಎದುರಿನ ತುದಿಯಾಚೆ ಮರಗಳು, ಅವುಗಳ ಹಿಂದೆ ಕರೆಂಟಿನ ತಂತಿಗಳು. ನನ್ನ ಕಣ್ಣು ಅಲ್ಲಿಯೇ ನೆಟ್ಟಿತ್ತು. ಅಕ್ಕ ಮಾತ್ರ ತನ್ನ ಅಂಗೈಯನ್ನೇ ನೋಡುತ್ತಿದ್ದಳು.

“ರೀ, ನನ್ನ ಕೈ ಇನ್ನೂ ಒದ್ದೆ ಇದೆ.” ಕಿವಿಯ ಹೆಡ್‌ಫೋನಿನಲ್ಲಿ ಅವಳ ದನಿ ಸಣ್ಣಗೆ ಕೇಳಿಸಿತು.

“ಒರೆಸ್ಕೋ.”

“ವಾಸನೆನೂ ಇಲ್ಲ.”

“ಈಗ ಸುಮ್ನಿರು, ಆಮೇಲೆ ಮಾತಾಡೋಣ.” ಭಾವ ಎಂಜಿನ್ನಿನ ಹಿಡಿಯನ್ನು ಪೂರ್ತಿ ಒತ್ತಿದರು. ವಿಮಾನ ಮುನ್ನುಗ್ಗಿತು.

“ಇಷ್ಟು ವರ್ಷದಿಂದ ನಿಮ್ಮ ಶರ್ಟು ಒಗೀತಿದೀನಿ! ಪೆಟ್ರೋಲ್ ಕೈಗೆ ಬಿದ್ರೆ ಆಗಲೇ ಆರಿಹೋಗುತ್ತೆ, ನಾತ ಮಾತ್ರ ಉಳಿಯುತ್ತೆ. ಇದು ಆರ್ತಾನೇ ಇಲ್ಲ!”

“ಗೆರೆ ಇರ್ಲಿಲ್ಲ ಕಣೇ! ನಾನೇ ನೋಡಿದೀನಿ!”

ಮರಗಳು ದೊಡ್ಡವಾಗುತ್ತಿದ್ದವು. ಮುಂದಿನ ಚಕ್ರ ಹಗುರಾಗಿ ಏಳುವಂತಾಯಿತು. ನಾನು ಕಣ್ಣು ಮುಚ್ಚಿದೆ.

“ಬೇಡ,” ಎಂದಳು ಅಕ್ಕ. ಕಿರುಚಲಿಲ್ಲ. “ಬೇಡ ಅಂದ್ರೆ ಬೇಡ ರೀ.”

ಭಾವ ಹಿಡಿಯನ್ನು ಎಳೆದು ಬ್ರೇಕ್ ತುಳಿದರು. ವಿಮಾನ ಅತ್ತಿತ್ತ ವಾಲಾಡಿ ಹುಲ್ಲಿನಂಚಿಗೆ ಬಂದು ನಿಂತಿತು. ಅವರು ಬೈಯಲು ಇವಳ ಕಡೆ ತಿರುಗಿದರು. ಬಾಯಿ ತೆರೆಯುವಷ್ಟರಲ್ಲಿ ಎಂಜಿನ್ ಒಮ್ಮೆ ಕೆಮ್ಮಿ, ಮತ್ತೊಮ್ಮೆ ಕೆಮ್ಮಿ, ನಿಂತೇಹೋಯಿತು. ಅಷ್ಟು ಹೊತ್ತು ಅದು ಓಡಿದ್ದು ಕೊಳವೆಯಲ್ಲಿ ಉಳಿದಿದ್ದ ಪೆಟ್ರೋಲಿನಿಂದ. ಹಾರಿದ್ದರೆ ಆ ಮರಗಳ ಮೇಲೆ ನಿಲ್ಲುತ್ತಿತ್ತು.

ಇಳಿದು ಭಾವ ಮತ್ತೆ ಲೋಟ ಹಿಡಿದರು. ತುಂಬಿದರು, ಚೆಲ್ಲಿದರು, ತುಂಬಿದರು. ಬರೀ ನೀರು. ಬಹಳ ಹೊತ್ತಿನ ಮೇಲೆ ಲೋಟದಲ್ಲಿ ವಿಮಾನದ ಪೆಟ್ರೋಲಿಗಿರುವ ತಿಳಿನೀಲಿ ಬಣ್ಣ ತೇಲಿತು, ಅದರ ಕೆಳಗೆ ಗೆರೆ. ಲೋಟವೆಲ್ಲ ನೀರೇ ಆಗಿದ್ದರೆ ಗೆರೆ ಎಲ್ಲಿಂದ ಬಂದೀತು? ಅವರು ಗೆರೆಯನ್ನು ಹುಡುಕಿದ್ದರು, ಬಣ್ಣವನ್ನು ನೋಡಿರಲಿಲ್ಲ.

ಒದ್ದೆ ಹುಲ್ಲಿನ ಮೇಲೆಯೇ ಕುಸಿದು ಕೂತರು.

“ಇಷ್ಟು ವರ್ಷದಲ್ಲಿ ಒಂದ್ಸಲನೂ ಬೇಡ ಅನ್ಲಿಲ್ವಲ್ಲ ನೀನು.”

“ಅಂದಿದ್ರೆ ಕೇಳ್ತಿದ್ರಾ?”

“ಎರಡನೇ ವರ್ಷಾನೇ ನಂಗೆ ಸಾಕಾಗಿತ್ತು. ಒಂದ್ಸಲ ಬಿರುಗಾಳಿಗೆ ಸಿಕ್ಕಿ ಜೀವ ಬಾಯಿಗೆ ಬಂದಿತ್ತು, ಹೇಳ್ಲಿಲ್ಲ ನಿಂಗೆ. ಬೀದಿಯವರೆಲ್ಲ ಪೈಲಟ್ ಪೈಲಟ್ ಅಂತಿದ್ರಲ್ಲ, ಹೆದರಿ ಮಾರ್ದ ಅನ್ನಿಸ್ಕೊಳ್ಳೋಕೆ ನಾಚಿಕೆ. ನೀನು ಬೇಡ ಅಂದ್ರೆ ಹೆಂಡ್ತಿ ಬಿಡ್ಲಿಲ್ಲ ಅಂತ ಹೇಳ್ಕೊಂಡು ಮಾರಿಬಿಡೋಣ ಅಂತ ಕಾಯ್ತಾ ಇದ್ದೆ.”

ನನಗೆ ಇಬ್ಬರನ್ನೂ ಹಿಡಿದು ಬಾರಿಸಬೇಕೆನಿಸಿತು. ಆ ಸೋರುವ ಸೂರು, ಒಗೆದು ಒಗೆದು ಸವೆದ ಬಟ್ಟೆ, ಆ ಭಾನುವಾರಗಳು! ಅಕ್ಕ ಮುಖ ಮುಚ್ಚಿಕೊಂಡು ಜೋರಾಗಿಯೇ ಅತ್ತಳು. ಭಾವ ಅವಳ ಒದ್ದೆ ಕೈಯನ್ನು ಹಿಡಿದುಕೊಂಡರು. ಆಗಲೇ ಅವರ ಫೋನು ಬಡಿದುಕೊಂಡಿತು. ದಂತವೈದ್ಯರು.

“ಇಲ್ಲ ಡಾಕ್ಟ್ರೇ, ಇವತ್ತು ತರಲ್ಲ. ಟ್ಯಾಂಕಿಗೆ ಮಳೆನೀರು ಇಳಿದಿದೆ. ಮುಚ್ಚಳದ ರಬ್ಬರ್ ನಾನೇ ಹಾಕಿಸಿ ಆಮೇಲೆ ಕೊಡ್ತೀನಿ.” ಆ ಕಡೆಯಿಂದ ಏನೋ ಕೇಳಿದರು. ಭಾವ ಅಕ್ಕನನ್ನು ನೋಡಿ, ಬೇಲಿಯಾಚೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: “ಹೊರಟೇಬಿಟ್ಟಿದ್ದೆ ಡಾಕ್ಟ್ರೇ. ನನ್ನ ಹೆಂಡ್ತಿ ಬೇಡ ಅಂದ್ಳು.”