ಎಡಗಡೆಯ ಮುಂದಿನ ಸೀಟು

ಕಾರಿನ ಮೂತಿಯ ಮೇಲಿದ್ದ ಲೋಹದ ಪುಟ್ಟ ಕುದುರೆಗೆ ವಿಭೂತಿಯ ಮೂರು ಗೆರೆ ಹಿಡಿಸಿರಲಿಲ್ಲ. ಎರಡು ಗೆರೆ ಕುದುರೆಯ ಹೊಟ್ಟೆಯ ಮೇಲೆ ಕೂತಿದ್ದವು, ಮೂರನೆಯದು ಹಿಂದಿನ ಜಾಲರಿಯೊಳಗೆ ಉದುರಿಹೋಗಿತ್ತು. ಓಡುವ ಭಂಗಿಯಲ್ಲಿದ್ದ ಆ ಕುದುರೆ ಬೆಳಿಗ್ಗೆಯೇ ಸ್ನಾನ ಮುಗಿಸಿ, ಹಣೆಗೆ ಬದಲು ಹೊಟ್ಟೆಗೆ ಹಚ್ಚಿಕೊಂಡು, ಎಲ್ಲೋ ಊಟದ ಪಂಕ್ತಿ ತಪ್ಪಿಹೋಗುತ್ತದೆ ಎಂಬ ಆತುರದಲ್ಲಿ ಹೊರಟಂತೆ ಕಾಣುತ್ತಿತ್ತು.

ಇದು ನಡೆದದ್ದು ಕೊಪ್ಪದಲ್ಲಿ, ಒಂದು ಆಯುಧಪೂಜೆಯ ದಿನ. ಎಲ್ಲರ ಕೈಗೂ ಮೊಬೈಲು ಬಂದಿದ್ದು, ಸಿಗ್ನಲ್ಲು ಮಾತ್ರ ಇನ್ನೂ ಮನೆಯ ಹಿಂದಿನ ಎತ್ತರದ ಮಣ್ಣಿನ ಧರೆ ಹತ್ತಿದರಷ್ಟೇ ಸಿಗುತ್ತಿದ್ದ ಕಾಲ.

ಕಾರು ಅಮೆರಿಕದ್ದು. ಹೆಸರು ಮಸ್ಟಾಂಗ್. ಆ ದೇಶದ ಬಯಲುಗಳಲ್ಲಿ ಯಾರ ಲಗಾಮಿಗೂ ಸಿಗದೆ ಅಲೆಯುವ ಕುದುರೆಗೆ ಹಾಗೆನ್ನುತ್ತಾರಂತೆ. ನಮ್ಮಮ್ಮ ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅದು ಅಲ್ಲಿ ಮೊದಲ ಸಲ ಮಾರಾಟಕ್ಕೆ ಬಂದಾಗ ನೋಡುವುದಕ್ಕೆಂದೇ ಜನ ಅಂಗಡಿಗಳ ಮುಂದೆ ಮುಗಿಬಿದ್ದರಂತೆ. ಇದೆಲ್ಲ ನನಗೆ ತಿಳಿದದ್ದು ಎಂ.ಎ. ಓದುವಾಗ, ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಕದಂಬರ ಶಾಸನಗಳ ಬಗ್ಗೆ ಟಿಪ್ಪಣಿ ಮಾಡಬೇಕಾದ ಮಧ್ಯಾಹ್ನಗಳಲ್ಲಿ ನಾನು ಹಳೆಯ ಅಮೆರಿಕನ್ ಪತ್ರಿಕೆಗಳ ದಪ್ಪ ಕಟ್ಟುಗಳನ್ನು ತಿರುವಿಹಾಕುತ್ತಿದ್ದೆ. ಒಂದು ಪುಟದಲ್ಲಿ ಹೆಂಗಸೊಬ್ಬಳು ತಲೆಯ ಮೇಲಿನ ಮಾಡು ತೆರೆದ ಕೆಂಪು ಕಾರಿನ ಸ್ಟೇರಿಂಗ್ ಹಿಡಿದು ಎಲ್ಲಿಗೋ ಹೊರಟಿದ್ದಳು. ಒಬ್ಬಳೇ. ಎಲ್ಲಿಗೆ, ಯಾಕೆ, ಬರುವುದು ಎಷ್ಟು ಹೊತ್ತಾಗುತ್ತದೆ ಎಂದು ಆ ಚಿತ್ರದಲ್ಲಿ ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಕೊಪ್ಪದಲ್ಲಿ ಮೊಸರು ತರಲು ಹೊರಟರೂ ಈ ಪ್ರಶ್ನೆಗಳಿಗೆ ಉತ್ತರ ಸಿದ್ಧಮಾಡಿಕೊಂಡೇ ಗೇಟು ತೆಗೆಯಬೇಕು. ಹಾಸ್ಟೆಲಿನ ಗೆಳತಿಯರು ಬೀರುವಿನ ಬಾಗಿಲಿಗೆ ಸಿನಿಮಾ ನಟರನ್ನು ಅಂಟಿಸಿಕೊಂಡಿದ್ದರು. ನಾನು ಏನನ್ನೂ ಅಂಟಿಸಲಿಲ್ಲ. ಆ ಪುಟ ಯಾವ ಕಟ್ಟಿನಲ್ಲಿದೆ ಎಂದು ನೆನಪಿಟ್ಟುಕೊಂಡಿದ್ದೆ, ಅಷ್ಟೇ.

ಹಾಗಾಗಿ, ಓದು ಮುಗಿಸಿ ಊರಿಗೆ ಬಂದು ಬಾಳಗಡಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕದಂಬರನ್ನು ಕದಲಿಸುತ್ತಿದ್ದಾಗ, ಪಕ್ಕದ ಮನೆಯ ಪ್ರಸನ್ನಣ್ಣ ಮಂಗಳೂರಿನಿಂದ ಅಂಥದೇ ಮಾಡು ತೆರೆಯುವ ಕಾರನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದರೆಂದರೆ ನನ್ನ ಸ್ಥಿತಿ ಏನಾಗಿರಬೇಡ! ಪ್ರಸನ್ನಣ್ಣನದು ಬಸ್‌ಸ್ಟ್ಯಾಂಡಿನ ಹತ್ತಿರ ಬಿಡಿಭಾಗಗಳ ಅಂಗಡಿ. ಯಾವುದೋ ಬಂಗಲೆಯ ಶೆಡ್ಡಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಕಾರನ್ನು, ಕೋಳಿಗಳನ್ನು ಬಿಟ್ಟು, ತಂದಿದ್ದರು. ಇಡೀ ಮಳೆಗಾಲ ಅಂಗಡಿಯ ಹಿಂದೆ ಟಾರ್ಪಾಲಿನಡಿ ಅದನ್ನು ಬಿಚ್ಚಿದರು, ತಿಕ್ಕಿದರು, ಜೋಡಿಸಿದರು. ನಾನು ದಿನಾ ಕಾಲೇಜಿಗೆ ಹೋಗುವ ದಾರಿಯಲ್ಲಿ ಬೇಡದ ಬೋಲ್ಟಿನಂತೆ ಒಂದು ಕ್ಷಣ ಅಲ್ಲಿ ನಿಂತು ಮುಂದೆ ಹೋಗುತ್ತಿದ್ದೆ. ಅದರಲ್ಲಿ ಒಮ್ಮೆ ಕೂರಬೇಕು ಎಂಬ ಆಸೆಯನ್ನು ಮಾತ್ರ ಯಾರ ಮುಂದೆಯೂ ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಸಂಜೆಯೊಳಗೆ ಶೃಂಗೇರಿಯ ಚಿಕ್ಕಮ್ಮನಿಗೂ ತಿಳಿದಿರುತ್ತಿತ್ತು.

ಅವಸರವೂ ಇತ್ತು. ಪೂಜೆಯ ಮರುದಿನ, ವಿಜಯದಶಮಿಯಂದು, ಕಾರು ಮುತ್ತಿನಕೊಪ್ಪಕ್ಕೆ ಹೋಗುವುದಿತ್ತು. ಅದು ಪ್ರಸನ್ನಣ್ಣನ ತಾಯಿ ಗಿರಿಜಮ್ಮನವರ ತವರು. ಅಲ್ಲಿ ಅವರ ತಮ್ಮನ ಮನೆಯಲ್ಲಿ ಒಳ್ಳೆಯ ಶೆಡ್ಡಿದೆ, ಕೊಪ್ಪದಲ್ಲಿಲ್ಲ. ಒಮ್ಮೆ ಹೋಯಿತೆಂದರೆ ಯಾವಾಗ ಬರುತ್ತದೋ ಹೇಳಲಾಗದು. ಕೂರುವುದಿದ್ದರೆ ಆಯುಧಪೂಜೆಯ ದಿನವೇ ಕೂರಬೇಕು.

ಇಲ್ಲಿ ನಮ್ಮ ಕಡೆಯ ಮುಂದಿನ ಸೀಟಿನ ವಿಷಯ ಸ್ವಲ್ಪ ಹೇಳಬೇಕು. ಜೀಪಾಗಲಿ ಕಾರಾಗಲಿ, ಡ್ರೈವರಿನ ಎಡಗಡೆಯ ಮುಂದಿನ ಸೀಟೆಂದರೆ ಅದು ಸೀಟಲ್ಲ, ಪದವಿ. ಮದುವೆ ದಿಬ್ಬಣವಿರಲಿ, ಆಸ್ಪತ್ರೆಗೆ ಹೊರಟಿರಲಿ, ಮನೆಯ ಹಿರಿಯರು ಅಲ್ಲಿ ಕೂರಬೇಕು. ಕಾಯಿಲೆಯವರು ಹಿಂದೆ ಮಡಚಿಕೊಂಡು ಕೂರಬಹುದು. ದೇವರುಗಳಿಗೆ ಈ ತಾಪತ್ರಯವಿಲ್ಲ. ಇಲಿ, ನವಿಲು, ಗೂಳಿ ಯಾವುದನ್ನೇ ನೋಡಿ, ಎಲ್ಲ ಒಂದೇ ಸೀಟಿನವು. ಹೆಚ್ಚೆಂದರೆ ದೇವಿಯೊಬ್ಬಳು ಎಡತೊಡೆಯ ಮೇಲೆ. ನಮ್ಮ ಶಿಲ್ಪಿಗಳು ಕಾರನ್ನು ಕಂಡಿದ್ದರೆ ಹಿರಿಯರನ್ನು ಎಲ್ಲಿ ಕೂರಿಸಬೇಕೆಂಬ ಜಗಳದಲ್ಲೇ ಅರ್ಧ ದೇವಸ್ಥಾನಗಳ ಕೆಲಸ ನಿಂತಿರುತ್ತಿತ್ತು.

ಅಂಗಡಿಯ ಮುಂದೆ ನಡೆದ ಪೂಜೆಗೆ ಬಾಳೆಹೊನ್ನೂರಿನ ಕಡೆಯಿಂದ ಅಯ್ನೋರು ಬಂದಿದ್ದರು. ಕುದುರೆಗೆ ವಿಭೂತಿ, ಬಾನೆಟ್ಟಿಗೆ ಸೇವಂತಿಗೆ ಮಾಲೆ, ಚಕ್ರಗಳ ಕೆಳಗೆ ನಿಂಬೆಹಣ್ಣು, ಎಲ್ಲ ಕ್ರಮವಾಗಿ ಆಯಿತು. ಕಾಯಿ ಒಡೆದರು. ಬಸ್‌ಸ್ಟ್ಯಾಂಡಿನಲ್ಲಿದ್ದವರು ಬಸ್ಸು ತಪ್ಪಿದರೂ ಚಿಂತೆಯಿಲ್ಲವೆಂದು ಬಂದು ಸುತ್ತ ನಿಂತರು. ಅಮೆರಿಕದ ಜನ ನಾಲ್ಕು ದಶಕದ ಹಿಂದೆ ಮಾಡಿದ ನೂಕುನುಗ್ಗಲನ್ನು ನಮ್ಮವರು ಆ ದಿನ ಬಡ್ಡಿಸಮೇತ ಮಾಡಿದರು. "ಮೊದಲು ಹಿರಿಯರು ಕೂರ್ಲಿ" ಎಂದರು ಅಯ್ನೋರು. ಗಿರಿಜಮ್ಮ ಇಳಕಲ್ ಸೀರೆಯ ನಿರಿಗೆ ಎತ್ತಿಕೊಂಡು, ಯಾರ ಕೈಯನ್ನೂ ಹಿಡಿಯದೆ, ತಮ್ಮ ಜೀವಮಾನದ ಅಭ್ಯಾಸದಂತೆ ನೇರವಾಗಿ ಎಡಗಡೆಯ ಬಾಗಿಲು ತೆಗೆದು ಕೂತರು. ಸೆರಗು ಸರಿಮಾಡಿಕೊಂಡು ತಲೆಯೆತ್ತಿದರೆ ಎದುರಿಗೆ ಸ್ಟೇರಿಂಗು.

ಅಮೆರಿಕದ ಕಾರಲ್ಲವೆ, ಅದರ ಸ್ಟೇರಿಂಗು ಎಡಕ್ಕೇ ಇರುವುದು. ಮಳೆಗಾಲವಿಡೀ ಆ ಕಾರನ್ನು ಕಂಡಿದ್ದ ನಮ್ಮಲ್ಲಿ ಒಬ್ಬರಿಗೂ ಆ ಗಳಿಗೆಯಲ್ಲಿ ಅದು ಹೊಳೆಯಲಿಲ್ಲ. ಹಿರಿಯರೆಂದರೆ ಎಡಗಡೆ, ಅಷ್ಟೇ.

"ಪ್ರಸನ್ನಾ, ಇದೆಂತದಾ ನನ್ನ ಎದೆಗೆ ತಂದು ಇಟ್ಟಿದೀಯ?"

"ಅವ್ವಾ, ಅದು ಡ್ರೈವರ್ ಸೀಟು. ಇಳಿ, ಈ ಕಡೆ ಬಾ."

"ಪೂಜೆ ಆದ ಗಾಡಿ ಹತ್ತಿ ಕೂತವಳು ಗಾಡಿ ಮುಂದೆ ಹೋಗದೆ ಇಳೀತಾರನಾ? ಯಾರು ಹೇಳ್ಕೊಟ್ರು ನಿಂಗೆ?"

ಪ್ರಸನ್ನಣ್ಣ ಅಯ್ನೋರ ಮುಖ ನೋಡಿದರು. ಅಯ್ನೋರು ಆಕಾಶ ನೋಡಿದರು. ಶಾಸ್ತ್ರದಲ್ಲಿ ಎಡಗಡೆಯ ಸ್ಟೇರಿಂಗಿಗೆ ಪರಿಹಾರ ಹೇಳಿರಲಿಕ್ಕಿಲ್ಲ. ಕೊನೆಗೆ ಅವರೇ ತೀರ್ಪು ಕೊಟ್ಟರು: "ಅಮ್ಮ ಹೇಳೋದು ಸರಿ. ಇಳಿಯೋದು ಬೇಡ. ಎಂಜಿನ್ನೂ ಬೇಡ. ತಳ್ಳಿ. ನಿಂಬೆಹಣ್ಣು ಒಡೆದ್ರೆ ಆಯ್ತಲ್ಲ. ಆದ್ರೆ ಹೆಣ್ಮಗಳು ಒಬ್ಬಳೇ ಬೇಡ, ಪಕ್ಕಕ್ಕೆ ಇನ್ನೊಬ್ಳು ಜೋಡಿ ಕೂರ್ಲಿ."

ಪ್ರಸನ್ನಣ್ಣನ ಕಣ್ಣು ಸುತ್ತ ತಿರುಗಿ ನನ್ನ ಮೇಲೆ ನಿಂತಿತು. "ಶಾಲಿನಿ, ನೀನು ಕೂತ್ಕೋ ಬಾ."

ಓದುಗರೇ, ನಾನು ಏನೆಂದೆ ಗೊತ್ತೆ? "ಅಯ್ಯೋ ಬೇಡ, ಬೇರೆ ಯಾರಾದ್ರೂ ಕೂರ್ಲಿ" ಎಂದೆ.

ಇದರ ಹಿಂದಿನ ಪರಂಪರೆ ತಿಳಿಯದವರು ನನ್ನನ್ನು ಮೂರ್ಖಳೆಂದುಕೊಂಡಾರು. ನಮ್ಮ ಕಡೆ ಯಾರದ್ದಾದರೂ ಮನೆಗೆ ಹೋದಾಗ "ಕಾಫಿ ಮಾಡ್ಲಾ?" ಎಂದರೆ "ಬೇಡ, ಈಗಷ್ಟೇ ಕುಡಿದು ಬಂದೆ" ಎನ್ನಬೇಕು. ಎರಡನೇ ಸಲ ಕೇಳಿದಾಗ "ಸುಮ್ನೆ ಯಾಕೆ ತೊಂದ್ರೆ" ಎನ್ನಬೇಕು. ಮೂರನೇ ಸಲಕ್ಕೆ "ಹಂಗಾದ್ರೆ ಅರ್ಧ ಲೋಟ" ಎಂದು ಸೋಲಬೇಕು. ಮನೆಯವರು ತುಂಬಿದ ಲೋಟವನ್ನೇ ತಂದಿಡಬೇಕು. ಮೊದಲ ಸಲಕ್ಕೇ ಹೂಂ ಎಂದವರ ಬಗ್ಗೆ, ಪಾಪ, ಮನೆಯಲ್ಲಿ ಕಾಫಿಪುಡಿ ಇಲ್ಲವೇನೋ ಎಂದು ಅನುಮಾನಪಡುತ್ತೇವೆ. ಈ ಬೇಡ ನಿಜವಾದ ಬೇಡವಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಹಾಗೆ ಒಳಗೆ ಬರುವ ಮುಂಚಿನ ಒಂದು ಕ್ರಮ. ನಾನು ಅದರಲ್ಲಿ ಬೇರೆಯವರಿಗಿಂತ ಒಂದು ಕೈ ಮುಂದೆ. ಹೋಳಿಗೆಗೂ ಬೇಡವೆಂದಿದ್ದೇನೆ, ಕೆಲಸಕ್ಕೂ ಬೇಡವೆಂದು ಪ್ರಾಂಶುಪಾಲರನ್ನು ಗಾಬರಿಪಡಿಸಿದ್ದೇನೆ. ಎಲ್ಲ ಸಲವೂ ಎದುರಿನವರು ಎರಡನೇ ಬಾರಿ ಕೇಳಿ ನನ್ನನ್ನು ಕಾಪಾಡಿದ್ದರು.

ಆದರೆ ಅಲ್ಲಿ ಮುಹೂರ್ತ ಮೀರುತ್ತಿತ್ತು. ನಾನು ನೆಲ ನೋಡುತ್ತ ಎರಡನೇ ಕರೆಗೆ ಕಾದು ನಿಂತೆ. ಎರಡನೇ ಕರೆ ಬರುವ ಜಾಗದಲ್ಲಿ ನಮ್ಮಮ್ಮನ ಸ್ವರ ಬಂತು.

"ಅವಳು ಹಂಗೇ, ಅವಳಿಗೆ ಇದೆಲ್ಲ ಸೇರಲ್ಲ. ಬಿಡಿ, ನಾನೇ ಕೂರ್ತೀನಿ."

ಬಸ್ಸಿನಲ್ಲಿ ಜಯಪುರ ತಲುಪುವುದರೊಳಗೆ ವಾಂತಿಗೆ ಹೆದರಿ ನಿಂಬೆಹುಳಿ ಚೀಪುವ ನಮ್ಮಮ್ಮ, ಕಾರೆಂದರೆ ಪೆಟ್ರೋಲಿನ ವಾಸನೆಯೆಂದು ಮೂಗು ಮುಚ್ಚುವ ನಮ್ಮಮ್ಮ, ಆರತಿ ತಟ್ಟೆಯನ್ನು ನನ್ನ ಕೈಗಿಟ್ಟು ಬಲಗಡೆಯ ಸೀಟಿನಲ್ಲಿ ವಿರಾಜಮಾನಳಾದಳು. ಪ್ರಸನ್ನಣ್ಣ ಹೊರಗಿನಿಂದ ಕೈಹಾಕಿ ಕೀಯನ್ನು ಅರ್ಧ ತಿರುಗಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಸ್ಟೇರಿಂಗಿನ ಮೇಲೆ ಒಂದು ಕೈಯಿಟ್ಟು ಪಕ್ಕದಲ್ಲೇ ನಡೆದರು. ಆಟೋಸ್ಟ್ಯಾಂಡಿನವರು ಹಿಂದಿನಿಂದ ತಳ್ಳಿದರು. ನಿಂಬೆಹಣ್ಣುಗಳು ಪಟಪಟನೆ ಒಡೆದವು. ಅಮೆರಿಕದವರಿಗೆ ಹುಚ್ಚು ಹಿಡಿಸಿದ ಸ್ಪೋರ್ಟ್ಸ್ ಕಾರು ಕೊಪ್ಪದ ಬೀದಿಯಲ್ಲಿ, ಎಮ್ಮೆಯೊಂದು ಅದನ್ನು ಹಿಂದಿಕ್ಕುವ ವೇಗದಲ್ಲಿ, ಹೀಗೆ ಮೊದಲ ಹೆಜ್ಜೆಯಿಟ್ಟಿತು.

"ಹಾರ್ನ್ ಹೊಡೀರಿ ಗಿರಿಜಕ್ಕ!" ಎಂದು ಆಟೋದವನೊಬ್ಬ ಕೂಗಿದ.

"ಎಲ್ಲೈತಾ ಅದು?" ಎಂದು ಅವರು ಸಿಕ್ಕಿದ್ದನ್ನೆಲ್ಲ ಒತ್ತಿದರು. ವೈಪರು ಓಡಿತು. ಬಿಸಿಲಲ್ಲಿ ವೈಪರು ಆಡಿಸುತ್ತ, ತೆರೆದ ಕಾರಿನಲ್ಲಿ ಇಬ್ಬರು ಹೆಂಗಸರು ಬಸ್‌ಸ್ಟ್ಯಾಂಡಿನತ್ತ ಸಾಗಿದರು. ನಾನು ತಟ್ಟೆ ಹಿಡಿದು ಹಿಂದೆ ನಡೆದೆ. ಕರ್ಪೂರ ಆರಿಹೋಗಿತ್ತು.

ಸಂಜೆ ಅಮ್ಮ ಹಿಂದಿನ ಧರೆ ಹತ್ತಿ ಶೃಂಗೇರಿಯ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಳು. "ಎಂತಾ ಕಾರು ಮಾರಾಯ್ತಿ! ಒಂಚೂರೂ ಕುಲುಕಲ್ಲ, ಒಂಚೂರೂ ಸದ್ದಿಲ್ಲ. ವಾಸನೆಯಂತೂ ಇಲ್ಲವೇ ಇಲ್ಲ." ಎಂಜಿನ್ನನ್ನು ಚಾಲೂ ಮಾಡದ ಕಾರಿನ ಬಗ್ಗೆ ಇದಕ್ಕಿಂತ ನಿಖರವಾದ ವರ್ಣನೆ ಸಾಧ್ಯವಿಲ್ಲ. ನಾನು ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತ ಕೇಳುತ್ತಿದ್ದೆ. ಅಮ್ಮನ ಮೇಲೆ ಸಿಟ್ಟು ಬರಲಿಲ್ಲ. ಅವಳು ಕದ್ದದ್ದೇನೂ ಇರಲಿಲ್ಲ. ನಾನು ಬೇಡವೆಂದದ್ದನ್ನು ನಂಬಿದ್ದಳು. ಯಾರಾದರೂ ನನ್ನ ಮಾತನ್ನು ಅಕ್ಷರಶಃ ನಂಬಿದ್ದು ಅದೇ ಮೊದಲಿರಬೇಕು. ಇಷ್ಟು ವರ್ಷ ನಾನು ಸಂಕೋಚವೆಂದುಕೊಂಡದ್ದು ಬೇರೇನೋ ಆಗಿರಬಹುದೆ ಎಂದೂ ಅನ್ನಿಸಿತು. ನನಗೆ ಬೇಕಾದದ್ದನ್ನು ನಾನು ಬಾಯಿಬಿಡುವುದಿಲ್ಲ. ಬೇರೆಯವರು ಅದನ್ನು ಊಹಿಸಿ, ಮೂರು ಸಲ ಬೇಡಿಕೊಂಡು, ನನ್ನ ಕೈಗಿಡಬೇಕು. ಒಂದು ಸೀಟಿಗೆ ಇಷ್ಟು ಜನರಿಂದ ದುಡಿಸಿಕೊಳ್ಳುವವರನ್ನು ಸಂಕೋಚದವರೆಂದು ಯಾರು ಹೇಳುತ್ತಾರೆ? ಅಷ್ಟು ಸೇವೆಯನ್ನು ಕದಂಬರ ಅರಸರೂ ಪಡೆದಿರಲಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಬೇಗ ಎದ್ದೆ. ಹಾಸ್ಟೆಲಿನಲ್ಲಿದ್ದಾಗ ಡ್ರೈವಿಂಗ್ ಕಲಿತು ಪಡೆದ ಲೈಸೆನ್ಸೊಂದು ನನ್ನಲ್ಲಿತ್ತು. ಸಿಮ್ ಕಾರ್ಡ್ ಕೊಳ್ಳುವಾಗ ಗುರುತಿಗೆಂದು ತೋರಿಸಿದ್ದು, ಅಪ್ಪನಿಲ್ಲದಾಗ ನಮ್ಮ ವ್ಯಾನನ್ನು ಮಳೆಯಿಂದ ಒಳಕ್ಕೆ ತಂದದ್ದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಬಿದ್ದಿರಲಿಲ್ಲ. ಅದನ್ನು ಪರ್ಸಿಗೆ ಹಾಕಿಕೊಂಡು ಹೊರಗೆ ಬಂದೆ. ಪಕ್ಕದ ಮನೆಯೆದುರು ಕಾರು ಹೊರಟು ನಿಂತಿತ್ತು. ಗಿರಿಜಮ್ಮ ಈ ಸಲ ಬಲಗಡೆಯಲ್ಲಿ, ಮಡಿಲಲ್ಲಿ ಚೀಲವಿಟ್ಟುಕೊಂಡು ಕೂತಿದ್ದರು. ಪ್ರಸನ್ನಣ್ಣ ಗಾಜು ಒರೆಸುತ್ತಿದ್ದರು.

"ಪ್ರಸನ್ನಣ್ಣ, ನಾನು ಓಡಿಸ್ಬೇಕು."

"ಯಾವ್ದನ್ನ?"

"ಇದನ್ನ. ಈಗ."

ಅವರು ಬಟ್ಟೆ ಹಿಡಿದೇ ನಿಂತರು. "ಮಾರಾಯ್ತಿ, ನಿನ್ನೆ ಕೂರು ಅಂದ್ರೆ ಬೇಡ ಅಂದೆ?"

"ಬೇಕಿತ್ತು" ಎಂದೆ. ಇಷ್ಟು ಚಿಕ್ಕ ಮಾತು ಬಾಯಿಂದ ಹೊರಬೀಳಲು ಅಷ್ಟು ಜಾಗ ತೆಗೆದುಕೊಳ್ಳುತ್ತದೆಂದು ನನಗೆ ಗೊತ್ತಿರಲಿಲ್ಲ.

"ಕೊಡಾ ಕೀನಾ" ಎಂದರು ಗಿರಿಜಮ್ಮ ಒಳಗಿನಿಂದ. "ನಂಗೆ ಕೊಡೋವಾಗ ಇಷ್ಟು ಯೋಚ್ನೆ ಮಾಡಿದ್ಯಾ?"

ಪ್ರಸನ್ನಣ್ಣ ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೀ ಕೊಟ್ಟು, ಮಂಡಿ ಮಡಚಿಕೊಂಡು ಹಿಂದಿನ ಸೀಟಿಗೆ ತೂರಿಕೊಂಡರು. ನಾನು ಎಡಗಡೆ ಕೂತೆ. ಎಂಜಿನ್ನು ಗುಡುಗಿತು. ಗೇರು ಹಾಕಲು ಹೋದ ನನ್ನ ಎಡಗೈ ಬಾಗಿಲಿಗೆ ಬಡಿಯಿತು. "ಬಲಗೈ, ಬಲಗೈ!" ಎಂದು ಹಿಂದಿನಿಂದ ಕೂಗು. ಕೈ ಬದಲಿಸಿದೆ, ಕಾರು ಒಮ್ಮೆ ಮುಗ್ಗರಿಸಿ ಹೊರಟಿತು. ಬಸ್‌ಸ್ಟ್ಯಾಂಡು ದಾಟಿತು, ಮನೆಗಳು ವಿರಳವಾದವು, ಮುತ್ತಿನಕೊಪ್ಪದತ್ತ ಹೋಗುವ ಎನ್.ಆರ್. ಪುರದ ರಸ್ತೆ ನೇರವಾಯಿತು.

"ಸಾಕೇನಮ್ಮಾ? ಇಲ್ಲಿಂದ ನಾನು ತಗೊಳ್ಲಾ?" ಎಂದರು ಪ್ರಸನ್ನಣ್ಣ.

ಅವರು ಕೇಳಿದ್ದು ಒಂದೇ ಸಲ. ನಾನೂ ಒಂದೇ ಸಲಕ್ಕೆ "ಇಲ್ಲ, ಇನ್ನೂ ಬೇಕು" ಎಂದು ಹೇಳಿ, ಮೂರನೇ ಗೇರು ಹಾಕಿದೆ.