ಗೋಪುರದ ಗಡಿಯಾರದ ಚಂದ್ರ

ಚೌಕದ ಗೋಪುರದ ಗಡಿಯಾರದಲ್ಲಿ ಹುಣ್ಣಿಮೆ-ಅಮಾವಾಸ್ಯೆ ತೋರಿಸಲು ಅಪ್ಪ ಕೂರಿಸಿದ್ದ ಪುಟ್ಟ ಚಂದ್ರನೊಬ್ಬನಿದ್ದ. ತಿಂಗಳಿಗೆ ಮುಕ್ಕಾಲು ಗಂಟೆಯಂತೆ ಆಕಾಶದ ಚಂದ್ರನಿಗಿಂತ ಮುಂದೋಡಿ, ಮೂರು ವರ್ಷ ತುಂಬುವ ಮೊದಲೇ ಒಂದು ದಿನ ತಪ್ಪುತ್ತಿದ್ದ. ಅಪ್ಪನ ಕಸುಬನ್ನೇ ಹಿಡಿದ ಮಗಳು ಹಟಕ್ಕೆ ಬಿದ್ದು ಹೊಸ ಹಲ್ಲುಚಕ್ರ ಕೊರೆದು ಜೋಡಿಸಿದಳು.

ಅಂದು ಸಂಜೆ ಅವಳು ಕೆಳಗಿಳಿದಾಗ, ಮೆಟ್ಟಿಲು ಹತ್ತಲಾರದ ಅಪ್ಪ ಬೆಂಚಿನ ಮೇಲೆ ಕಾಯುತ್ತಿದ್ದರು.

"ಈಗೆಷ್ಟು ತಪ್ಪುತ್ತಮ್ಮಾ?"

"ತಿಂಗಳಿಗೆ ಒಂದು ನಿಮಿಷ ಅಪ್ಪ. ಅದು ಸೇರಿ ಸೇರಿ ಒಂದು ದಿನ ಆಗೋಕೆ ಸುಮಾರು ನೂರಿಪ್ಪತ್ತು ವರ್ಷ ಬೇಕು."

"ಹಾಗಾದ್ರೆ ನಿನ್ನ ತಪ್ಪು ಹಿಡಿಯೋಕೆ ನಿನ್ನ ಮರಿಮಕ್ಕಳೇ ಬರ್ಬೇಕು!"

ಯಾರನ್ನೂ ಹೊಗಳಿ ಗೊತ್ತಿಲ್ಲದ ಅಪ್ಪ ಎದ್ದು ನಿಂತು, ದಾರಿಹೋಕರೊಬ್ಬರನ್ನು ತಡೆದರು.

"ಒಂದ್ನಿಮಿಷ ಮೇಲೆ ನೋಡಿ ಸ್ವಾಮಿ. ಆ ಚಂದ್ರನ್ನ ಸರಿಮಾಡಿದ್ದು ನನ್ನ ಮಗಳು."

ಗ್ರೀಸ್ ಮೆತ್ತಿದ ಕೈಯನ್ನು ಒರೆಸಿಕೊಳ್ಳುವುದನ್ನೂ ಮರೆತು ಅವಳು ಎದೆಯುಬ್ಬಿಸಿ ನಿಂತಳು.